ಹಲಗೆ ಗೋಡೆ

ನೆಲಮಾಳಿಗೆಯ ಹಳೇ ಫೈಲುಗಳನ್ನು ಸ್ಕ್ಯಾನ್ ಮಾಡಲು
ನಿವೃತ್ತಳಾದ ನನ್ನನ್ನೇ ಮತ್ತೆ ಕರೆಸಿದ್ದಾರೆ.
ಗ್ದಿನಿಯಾದ ಈ ಆಸ್ಪತ್ರೆಯಲ್ಲಿ ಆ ಕಾಲದ ಡಾಕ್ಟರರ ಗೀಚು
ಓದಬಲ್ಲವಳು ಉಳಿದಿರುವುದು ನಾನೊಬ್ಬಳೇ.

ಮೇಲಿನ ಹಾಳೆ ಹೊಸದು, ಕಳೆದ ಮಾರ್ಚಿನದು:
ಬೋಗ್ನಾ ಶ್ರೆದ್ನಿಟ್ಸ್ಕಾ, ಐವತ್ತಾರು ವರ್ಷ. ಆಟಿಸಂ.
ಹಿಂದಿನ ರೋಗನಿರ್ಣಯಗಳನ್ನು ಹಿಂಪಡೆಯಲಾಗಿದೆ.
ಬಹುವಚನ.
ಸುಲಿಯುತ್ತ ಹೋದೆ, ಈರುಳ್ಳಿಯ ಹಾಗೆ:
ವ್ಯಕ್ತಿತ್ವದೋಷ, ಗೀಳು, ಬೈಪೋಲಾರ್,
(ಮಾತ್ರೆಗೆ ನಡುಗಿದ ಕೈ ಕಂಡು ಇನ್ನೊಂದು ಕಾಯಿಲೆ,
ಅದಕ್ಕೆ ಇನ್ನೊಂದು ಮಾತ್ರೆ)
ತಳದಲ್ಲಿ ಮೊದಲನೆಯದು: ಸ್ಕಿಜೋಫ್ರೇನಿಯಾ.
ತೊಂಬತ್ತೊಂದರ ನವೆಂಬರು.
ತಲೆ ಮುರಿದ ಆ ‘ಟಿ’ ಅಕ್ಷರ
ನನ್ನ ಟೈಪ್‌ರೈಟರಿನದೇ.

ಮೀನಿನ ಡಬ್ಬಿಗೆ ಚೀಟಿ ಅಂಟಿಸುವ ಹುಡುಗಿ.
ಡಾಕ್ಟರ್ ಗುರ್ಸ್ಕಿಯ ಮುಖ ನೋಡಲಿಲ್ಲವಂತೆ: ಭಾವಶೂನ್ಯ.
ಇಪ್ಪತ್ತೆಂಟನೇ ನಂಬರಿನ ಟ್ರಾಲಿಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು
ಕೇಳದೆಯೇ ಹೇಳಿದಳಂತೆ: ಅಸಂಬದ್ಧ ಪ್ರಲಾಪ.
ನಿಲ್ದಾಣಗಳೆಲ್ಲ ಸರಿಯಾಗಿಯೇ ಇವೆ.
ನಾನು ದಿನವೂ ಬರುತ್ತಿದ್ದುದು ಅದರಲ್ಲೇ.

ಆಮೇಲೆ ಆ ಪ್ರಶ್ನೆ.
ನಿನಗೆ ಧ್ವನಿಗಳು ಕೇಳಿಸುತ್ತವೆಯೇ?
ಹೌದು.
ಈಗಲೂ?
ಈಗಲೂ. ಇಬ್ಬರು ಹೆಂಗಸರು.
ಏನನ್ನುತ್ತಾರೆ?
ಅಣಬೆಯನ್ನು ವಿನೆಗರಿನಲ್ಲಿಡಬೇಕೋ ಉಪ್ಪಿನಲ್ಲೋ ಅಂತ ಜಗಳ.
ಒಬ್ಬಳು ಬಲು ಹಠಮಾರಿ.

ಇಲ್ಲಿಂದ ಡಾಕ್ಟರರ ಅಕ್ಷರಕ್ಕೆ ಅವಸರ:
ತಮ್ಮೊಳಗೆ ವಾದಿಸುವ ಧ್ವನಿಗಳು. ಸಂಶಯಕ್ಕೆ ಎಡೆಯಿಲ್ಲ.

ಲುದ್ಮಿವಾ ತೀರಿಕೊಂಡು ಹನ್ನೊಂದು ವರ್ಷ.
ನಮ್ಮ ಟೈಪಿಂಗ್ ಕೋಣೆಗೂ ಅವರ ಕೋಣೆಗೂ ನಡುವೆ
ಇದ್ದದ್ದು ಒಂದು ಹಲಗೆ ಗೋಡೆ.
ಉಪ್ಪು ಅಂದವಳು ನಾನು.

ಡಾಕ್ಟರರ ಕಿವಿ ನಮಗೆ ಒಗ್ಗಿಹೋಗಿತ್ತು,
ಗಡಿಯಾರದ ಸದ್ದಿಗೆ ಒಗ್ಗುವಂತೆ.
ಅವಳ ಕಿವಿಗೆ ಯಾವುದೂ ಒಗ್ಗುತ್ತಿರಲಿಲ್ಲ.
ಮತ್ತೆ ನಾನು? ಅವತ್ತೇ ಸಂಜೆ
ಅಣಬೆ, ವಿನೆಗರ್, ಉಪ್ಪು, ಒಂದೂ ಬಿಡದೆ
ಟೈಪ್ ಮಾಡಿ, ಕಾರ್ಬನ್ ತೆಗೆದು, ಮುಚ್ಚಿಟ್ಟು
ಕೋಟು ಹಾಕಿಕೊಂಡು ಮನೆಗೆ ಹೋಗಿದ್ದೇನೆ.
ಬೆರಳು ಓದಿತ್ತು.
ನಾನು ಓದಿರಲಿಲ್ಲ.

ಹೊಸ ಹಾಳೆಯಲ್ಲಿ ವಿಳಾಸವಿದೆ,
ಇಪ್ಪತ್ತೆಂಟನೇ ನಂಬರಿನದೇ ದಾರಿ.
ಬಾಗಿಲು ತಟ್ಟಿ ಏನಂತ ಹೇಳಲಿ,
ಮೂವತ್ತನಾಲ್ಕು ವರ್ಷ ತಡವಾಗಿ,
ಆ ಹಠಮಾರಿ ನಾನೇ ಅಂತಲೇ?

ಅವಳು ಗೋಡೆ ನೋಡುತ್ತ ಕೇಳಿಯಾಳು:
ಕೊನೆಗೆ ಯಾವುದರಲ್ಲಿಟ್ಟಿರಿ?