ಮೂರನೇ ವಾರ್ಡಿನ ಚೀಟಿ

ಚರ್ಚಿನ ನೆಲಮಾಳಿಗೆ. ಬೆಳಿಗ್ಗೆ ಆರಕ್ಕೇ
ಸಾಲು ಹಿಡಿದವರು ಮೇಷ್ಟ್ರುಗಳು,
ಸೈಕಲ್ ಹೆಲ್ಮೆಟ್ಟು ಕಂಕುಳಲ್ಲಿ.
'ಹೇಗಿದ್ದಿ ಥೆಲ್ಮಾ?' ಎನ್ನುತ್ತಾರೆ. ಹೆಸರು ಮರೆಯುವುದಿಲ್ಲ,
ದೊಡ್ಡ ಮನಸ್ಸೇ ಅದು.

ಪ್ರೊಫೆಸರ್ ವಿಟ್‌ಕಾಂಬ್ ಕುಂಬಳದ ಬ್ರೆಡ್ಡು ತಂದರು,
ನಮಗೆಲ್ಲ ಒಂದೊಂದು ಹೋಳು.
ಅವರಂಗಳದ ಹಲಗೆ ಹೇಳುತ್ತದೆ ಮೂರು ಭಾಷೆಯಲ್ಲಿ:
ಎಲ್ಲಿಂದಲೇ ಬನ್ನಿ, ನೀವು ನಮ್ಮ ನೆರೆಯವರು.
ಈ ತಿಂಗಳು ಪಕ್ಕದಲ್ಲಿ ಇನ್ನೊಂದು, ಪುಟ್ಟದು:
ಮರ ಉಳಿಸಿ. ಎರಡನೇ ಪ್ರಶ್ನೆಗೆ ಬೇಡ ಎನ್ನಿ.

ಹಳೇ ಟಿಂಬರ್ ಡಿಪೋ ಜಾಗದಲ್ಲಿ
ಕಡಿಮೆ ಬಾಡಿಗೆಯ ಎಂಬತ್ತು ಮನೆ, ಅದೇ ಎರಡನೇ ಪ್ರಶ್ನೆ.
ಅಲ್ಲಿರುವುದು ಆರು ಮೇಪಲ್ ಮರ, ಒಂದು ಒಣಗಿದೆ.
ಬಸ್ಸಿಗೆ ಕಾಯುತ್ತ ಎಣಿಸಿದ್ದೇನೆ.

ಮಧ್ಯಾಹ್ನ ಹುಡುಗರು ಬಂದರು, ನಾಲ್ಕೈದು ಮಂದಿ;
ಉಳಿದವರ ಓಟು ಅಪ್ಪನ ಊರಿನಲ್ಲಂತೆ.
ಒಬ್ಬಳು ಕೇಳಿದಳು, 'ಎರಡನೆಯದು ಏನು?'
ನಾನು ಹೇಳುವ ಹಾಗಿಲ್ಲ.
ಹಾಳೆಯ ಹಿಂಬದಿ ತೋರಿಸಿದೆ.

ರಾತ್ರಿ ಯಂತ್ರ ಚೀಟಿ ಉಗುಳಿತು.
ಗವರ್ನರು: ನೂರಕ್ಕೆ ತೊಂಬತ್ತೊಂದು, ನಮ್ಮ ಕಡೆಗೇ.
ಬಾಗಿಲಲ್ಲಿ ಚಪ್ಪಾಳೆ. ವಿಟ್‌ಕಾಂಬರ ಕಣ್ಣು ಒದ್ದೆ.
ಚೀಟಿ ಇನ್ನೂ ಬರುತ್ತಲೇ ಇತ್ತು.
ಬೇಕು, ಇನ್ನೂರ ಹದಿನಾಲ್ಕು.
ಬೇಡ, ಆರುನೂರ ಎಂಟು.
ಅಷ್ಟು ಹೊತ್ತಿಗೆ ಅವರೆಲ್ಲ ಹೊರಟಿದ್ದರು.

ನಿಯಮದಂತೆ ಬಾಗಿಲಿಗೆ ಅಂಟಿಸಿದೆ,
ಗಾಳಿಗೆ ಸುರುಳಿ ಸುತ್ತದಂತೆ ನಾಲ್ಕೂ ಮೂಲೆಗೆ ಟೇಪು.
ಇಲ್ಲಿ ನಾನು ಎಣಿಸಬಹುದು, ಅಷ್ಟೇ;
ನನ್ನ ಓಟು ನದಿಯಾಚೆ, ಇಪ್ಪತ್ತಾರು ಮೈಲಿ.
ಕೊನೆಯ ಬಸ್ಸಿನಲ್ಲಿ ಉಳಿದ ಹೋಳು ತಿಂದೆ.
ಚೆನ್ನಾಗಿತ್ತು ಬ್ರೆಡ್ಡು,
ಸುಳ್ಳೇಕೆ ಹೇಳಲಿ.