ಜೂನ್ ಒಂದನೇ ತಾರೀಖು

ಕಲ್ಲು ತೊಳದು, ಹಸಿ ಕಾಗದ ಹಾಸಿ
ಬ್ರಶ್ಶಿನಿಂದ ಬಡಿಯೂದು ನನ್ನ ಕೆಲಸ.
ಓದೂದು ಸಾಹೇಬರದು.
ಇಪ್ಪತ್ತೆರಡು ವರ್ಷದಾಗ ಇಷ್ಟು ಕಲತೇನಿ:
ನಮ್ಮ ಅರಸರು ಒಂದು ಗಾಣ ದಾನ ಕೊಟ್ರೂ
ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ
ಇಡೀ ಆಕಾಶಾನ ಸಾಕ್ಷಿಗೆ ಕರೀತಿದ್ರು.

ಈ ಸಲ ಗದಗಿನ ಕಡೆ ಹೊಂಟ ಜೀಪಿನಾಗ ಹಿರುತ್ ಇದ್ಲು.
ಇಥಿಯೋಪಿಯಾದಾಕಿ, ಧಾರವಾಡಕ್ಕ ಬಂದು ಮೂರು ವರ್ಷ,
ಮಾಳಮಡ್ಡಿಯ ಬಾಡಿಗಿ ಖೋಲ್ಯಾಗ ಕಲತ ಕನ್ನಡ.
ಆಕಿ ಅರಸರು ಝಾಗ್ವೆ ಮನಿತನದವರು,
ಬಂಡಿಗಲ್ಲು ಕಡದು ಚರ್ಚು ಇಳಿಸಿದವರು,
ತಾವು ಯಾವಾಗ ಇದ್ವಿ ಅಂತ ಹೇಳೂದ್ರಾಗ ಮಾತ್ರ ಜಿಪುಣರು.

"ಒಂದು ಪಟ್ಟಿಯಾಗ ಐದು ಮಂದಿ, ಇನ್ನೊಂದ್ರಾಗ ಹನ್ನೊಂದು.
ಅಣ್ಣಗ ನಲವತ್ತು ವರ್ಷ, ತಮ್ಮಗ ನಲವತ್ತು,
ಅಣ್ಣನ ಮಗಗೂ ನಲವತ್ತು!
ಯಾರು ಬರದ್ರೀ ಇದನ್ನ?"

ನಗು ಬಂತು ನನಗ.
"ನಮ್ಮ ಗೊಜನೂರ ಮಾಸ್ತರಂಥವರು ಯಾರೋ," ಅಂದೆ.
ಆ ವರ್ಷ ಒಂದನೇತ್ತೆಗೆ ಹೆಸರು ಹಚ್ಚಿದ
ಮೂವತ್ತೊಂದು ಹುಡುಗರು
ಜೂನ್ ಒಂದಕ್ಕ ಹುಟ್ಟೀವಿ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು.
ಒಂದ ಊರು, ಒಂದ ದಿನ,
ಸೂಲಗಿತ್ತಿ ಇಮಾಮಬಿ ಒಬ್ಬಾಕಿನ
ಹೆಂಗ ಸುಧಾರಿಸಿದ್ಲೋ ಏನೋ.

ಅವ್ವ ಹೇಳೂದು ಬ್ಯಾರೆ.
ಹಾಡಹಗಲ ಮೂರೂವರಿಗೆ ಕತ್ತಲಾಗಿ
ಕೋಳಿ ಗೂಡು ಸೇರಿದ ಅಮಾಸಿ ದಿನ
ಆಕಿನ್ನ ಕ್ವಾಣ್ಯಾಗ ಕುಂದ್ರಿಸಿ ಕದ ಹಾಕಿದ್ರಂತ,
ಕುಡುಗೋಲು ಮುಟ್ಟಬ್ಯಾಡ ಅಂದಿದ್ರಂತ,
ನಾ ಮೂರು ತಿಂಗಳು, ಹೊಟ್ಟ್ಯಾಗ.
ಹೊರಗ ಬಂದದ್ದು ಹೆಸರು ಬಿಡಿಸೂ ಹೊತ್ತಿಗೆ.
ಸಾಲಿ ಲೆಕ್ಕದಾಗ ಗ್ರಹಣದ ದಿನ ನನಗ ಎಂಟೂವರಿ ತಿಂಗಳು,
ಅಂದ್ರ ಒಳಗ ಕುಂತ ಹಲ್ಲು ಮೂಡಿಸ್ಕೊಂಡಿದ್ದೆ.

ಹಿರುತ್ ನಗಲಿಲ್ಲ. ನೋಟ್‌ಬುಕ್ ತಗದು ಬರಕೊಂಡ್ಲು:
ಗ್ರಹಣಕ್ಕಿಂತ ಮುಂಚೆ ಅಲ್ಲ.
ಹೆಸರಿನ ರಾಶಿ ದಾಟಿಲ್ಲ.
ಕೆಳಗ "ಸು." ಅಂತ ಒಂದು ಅಕ್ಷರ, ಒಂದು ಚುಕ್ಕಿ.
"ನಮ್ಮ ಪಂಚಾಂಗದಾಗ ನೀವು ಎಪ್ಪತ್ತೆರಡರಾಗ ಹುಟ್ಟೀರಿ,
ಇನ್ನೂ ಎಂಟು ವರ್ಷ ಹಿಂದ."

ಆಫೀಸಿನ ಫಾರ್ಮಿನಾಗ ಸುಮಾರು ಅನ್ನಾಕ ಜಾಗಾ ಇಲ್ಲ.
ಹದಿನಾಲ್ಕು ತಿಂಗಳ ಪಗಾರ
ಗೊಜನೂರ ಮಾಸ್ತರ ಪೆನ್ನಿನ ತುದಿಯಾಗ ಹೋತು.
ಆದ್ರೂ ಆ ದಿನ ಅವರ ಮ್ಯಾಲ ಸಿಟ್ಟು ಬರಲಿಲ್ಲ.
ಮಳಿ ಹಿಡಿಯೂಕಿಂತ ಮುಂಚೆ
ಮೂವತ್ತೊಂದು ಹುಡುಗರನ್ನ ಒಳಗ ಹಾಕ್ಕೊಬೇಕಿತ್ತು ಅವರಿಗೆ;
ಆ ಪಟ್ಟಿ ಬರದವಗೂ
ಅರಸರನ್ನ ಒಂದು ಸಾಲಿಗೆ ನಿಂದರಸೂ ಅವಸರ ಇರಬೇಕು.

ಕಾಗದ ಒಣಗಿತ್ತು. ಮಸಿ ಒತ್ತಿ ಬಿಡಿಸಿದೆ.
ಅರಸನ ಹೆಸರು, ಬಿರುದು, ಹೊಲದ ಮೇರೆ ಎಲ್ಲಾ ಬಂದಾವ.
ಸಂವತ್ಸರ ಇರೂ ಜಾಗಾದಾಗ
ಹೆಣ್ಣಮಕ್ಕಳು ಕುಡುಗೋಲು ಮಸದು ಮಸದು
ಒಂದು ನುಣ್ಣನ ತಗ್ಗು.
ಹಿರುತ್ ಅದರಾಗ ಬೆರಳಾಡಿಸಿದ್ಲು, ಭಾಳ ಹೊತ್ತು.

ಬಾವಿ ಕಟ್ಟಿ ಮ್ಯಾಲಿಂದ ಒಬ್ಬಾಕಿ ಕೂಗಿದ್ಲು:
"ಮುಗೀತೇನ್ರೀ ನಿಮ್ದು? ಸರೀರಿ,
ಅರಬಿ ಒಗಿಯೂದೈತಿ."