ಉಪ್ಪಿನ ಹುರಿಹಿಟ್ಟು

ಹೊಳೆಯಾಚೆ ಅವರಿಗೆ ಕೊಟ್ಟ ಕಾಡು.
ಈಚೆ, ಹೆಬ್ಬಾಲೆಯಲ್ಲಿ, ನಮ್ಮ ಎರಡೆಕರೆ ಬೆದ್ದಲು.
ಕಾವೇರಿ ಮೊಣಕಾಲಿಗಿಳಿದ ಬೇಸಿಗೆಯಲ್ಲಿ
ದಾಟಿ ಬಂದಳು ಯಾಂಗ್‌ಜೋಮ್,
ಹಿಂದೆ ಗಂಡ ದಂಡುಲ್, ಬೆನ್ನಿಗೆ ಕಟ್ಟಿದ ಕೂಸು,
ವಾರಕ್ಕೆ ಹೊಲ ಕೇಳಲು.
ಕೇಳಿದ್ದು ಕೈಸನ್ನೆಯಲ್ಲಿ, ಅಪ್ಪ ಒಪ್ಪಿದ್ದೂ ಕೈಸನ್ನೆಯಲ್ಲಿ.
ನಡುವೆ ಮಾತೇ ಇರಲಿಲ್ಲ,
ಅದಕ್ಕೇ ಜಗಳವೂ ಇರಲಿಲ್ಲ, ಅನ್ನುತ್ತಿದ್ದ ಅಪ್ಪ.

ಅವಳ ಸೊಂಟಕ್ಕೆ ಹೊಲಿದುಕೊಂಡ ಚೀಲ,
ಚೀಲದಲ್ಲಿ ಬಾರ್ಲಿ.
ಹಿಮ ದಾಟುವಾಗ ಹಸಿದರೂ ಮುಟ್ಟದ ಒಂದು ಸೇರು.
ಮೊದಲ ಮಳೆಗೇ ಚೆಲ್ಲಿದಳು.
ಅವಳ ಊರಲ್ಲಿ ಹಿಮ ಕರಗಿದರೆ ಬಿತ್ತನೆ,
ಇಲ್ಲಿ ಕರಗುವುದಕ್ಕೆ ಏನಿದೆ?
ಎದೆಮಟ್ಟ ಬಂತು. ನಾವೆಲ್ಲ ಬೇಲಿಗೆ ನಿಂತು ನೋಡಿದೆವು.
ಪುನರ್ವಸು ಹಿಡಿಯಿತು, ಪುಷ್ಯ ಬಿಡಲಿಲ್ಲ,
ಕಾಳು ತೆನೆಯಲ್ಲೇ ಮೊಳೆಯಿತು.
ಅವಳು ಅಳಲಿಲ್ಲ. ಕೊಯ್ದು ತಂದು
ನಮ್ಮ ಎಮ್ಮೆಯ ಮುಂದೆ ಹಾಕಿದಳು.
ಆವತ್ತು ಅರ್ಧ ಸೇರು ಹೆಚ್ಚಿಗೆ ಹಾಲು ಕೊಟ್ಟಿತೆಂದು
ಅವ್ವ ಸುಳ್ಳು ಹೇಳಿದಳು.

ಮರುವರ್ಷ ಮುಸುಕಿನ ಜೋಳ.
ಅಪ್ಪ ನೇಗಿಲು ಹಿಡಿದರೆ ಹಿಂದೆ ದಂಡುಲ್
ಎರೆಹುಳು ಆರಿಸುತ್ತ:
ಬದುಕಿದ್ದು ಬದುವಿಗೆ,
ತುಂಡಾದದ್ದಕ್ಕೆ ತುಟಿಯಲ್ಲೊಂದು ಮಂತ್ರ.
ಮಧ್ಯಾಹ್ನಕ್ಕೆ ನಾಲ್ಕೇ ಸಾಲು.
ಎತ್ತುಗಳಿಗೆ ಅಂಥ ಸುಖದ ದಿನ ಮತ್ತೆ ಬರಲಿಲ್ಲ.
‘ಹಿಂಗಾದ್ರೆ ಸಂಕ್ರಾಂತಿಗೆ ಉತ್ತು ಮುಗಿಸ್ತೀಯ ಕಣಯ್ಯ’
ಅಂದ ಅಪ್ಪನಿಗೆ ಅವನು ನಕ್ಕು ತಲೆಯಾಡಿಸಿದ,
ಹೊಗಳಿಕೆಯೆಂದು ತಿಳಿದು.
ಮೂವತ್ತು ವರ್ಷದ ಮೇಲೆ, ಬೆನ್ನಿಗೆ ಕ್ಯಾನು ಹೊತ್ತು
ಶುಂಠಿಗೆ ಔಷಧಿ ಹೊಡೆಯುವಾಗ
ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದ.
ವಾಸನೆಗೆ ಅಂದುಕೊಂಡಿದ್ದೆ ನಾನು.

ಜೋಳ ಹಾಲುಗಟ್ಟಿದಾಗ ಆನೆ ಬಂತು.
ಅಟ್ಟಣೆ ಮೇಲೆ ಅಪ್ಪ ಡಬ್ಬ ಬಡಿದು
ಕನ್ನಡದಲ್ಲಿ ಬೈದ,
ಅವಳು ತನ್ನ ಮಾತಿನಲ್ಲಿ ಮೆಲ್ಲಗೆ ಏನೋ ಕೇಳಿಕೊಂಡಳು.
ಆನೆಗೆ ಎರಡೂ ಬರುತ್ತಿರಲಿಲ್ಲ.
ತಿನ್ನುವಷ್ಟು ತಿಂದು, ತುಳಿಯುವಷ್ಟು ತುಳಿದು ಹೋಯಿತು.
ಬೆಳಗಿನ ಚಳಿಗೆ ಇಬ್ಬರೂ ಒಂದೇ ಕಂಬಳಿಯ
ಎರಡು ತುದಿ ಹಿಡಿದು ಇಳಿದು ಬಂದರು.

ಆ ಬೆಳಿಗ್ಗೆ ಅವ್ವ ಕೊಟ್ಟದ್ದು ರಾಗಿ ಹುರಿಹಿಟ್ಟು,
ಹಾಲು, ಬೆಲ್ಲ.
ಯಾಂಗ್‌ಜೋಮ್ ಬೆಲ್ಲ ಕೂಸಿನ ಬಾಯಿಗಿಟ್ಟಳು.
ಹಿಟ್ಟಿಗೆ ಬೆಣ್ಣೆ, ಬಿಸಿ ಟೀ, ಎರಡು ಹರಳು ಉಪ್ಪು,
ಬೆರಳಲ್ಲಿ ಸುತ್ತಿ ಸುತ್ತಿ ಉಂಡೆ ಮಾಡಿ
ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದಳು.
ಅವಳ ಮೊದಲ ಕನ್ನಡ ವಾಕ್ಯ:
‘ಕಪ್ಪು. ಆದ್ರೆ ಕೈ ಮಾತು ಕೇಳ್ತದೆ.’
ಮುಂದಿನ ಸಲ ಹೊಲಕ್ಕೆ ರಾಗಿ ಬಿತ್ತು.
ಅಪ್ಪ ಹೇಳಿರಲಿಲ್ಲ.

ಈಗ ನನಗೆ ಎಪ್ಪತ್ತರ ಹತ್ತಿರ. ದಂಡುಲ್ ಇಲ್ಲ, ಅಪ್ಪನಿಲ್ಲ.
ಶುಂಠಿಗೆ ಕೊಳೆ ಬಿದ್ದರೆ, ಬೀಜ ಯಾವಾಗ ನೆಲಕ್ಕೆ ಅಂತ ತೋಚದಿದ್ದರೆ
ಸೇತುವೆ ದಾಟಿ ಅವಳನ್ನು ಕೇಳಿ ಬರುತ್ತೇನೆ.
ಮಣ್ಣು ಮೂಸಿ ಹೇಳುತ್ತಾಳೆ: ‘ಭರಣಿ ಬರಲಿ, ತಡಿ.’

ಕಳೆದ ಮಾಗಿಯಲ್ಲಿ ಹೋದಾಗ
ಅಂಗಳದ ಮೂಲೆಯಲ್ಲಿ ಒಂದು ಮಡಿ ಬಾರ್ಲಿ,
ಒಣ ಚಳಿಯಲ್ಲಿ ಮೀಸೆ ಬಿಟ್ಟುಕೊಂಡು.
ಎಮ್ಮೆಗೆ ಹಾಕುವ ಮುನ್ನ
ಒಂದು ಹಿಡಿ ಎತ್ತಿಟ್ಟಿದ್ದಳಂತೆ,
ಅವ್ವನಿಗೂ ಹೇಳದೆ. ಅಲ್ಲಿಂದೀಚೆಗೆ ಪ್ರತಿ ಚಳಿಗೆ ಒಂದು ಮಡಿ.
‘ಮಳೆದಲ್ಲ ಇದು. ತಿಳಿಯೋಕೆ ಐದು ವರ್ಷ ಬೇಕಾಯ್ತು’ ಅಂದಳು,
ನನ್ನನ್ನಲ್ಲ, ಮಡಿಯನ್ನು ನೋಡಿ.

ಹುರಿದು ಬೀಸಿದ ಹಿಟ್ಟು, ಒಂದು ಚಿಟಿಕೆ ನನ್ನ ನಾಲಿಗೆಗೆ.
ಏನನ್ನಬೇಕು? ಹಿಮದ ರುಚಿ ನನಗೇನು ಗೊತ್ತು.
‘ಉಪ್ಪು ಸಾಲದು’ ಅಂದೆ.
ಎದ್ದು ಒಳಗೆ ಹೋದಳು, ಗೋಡೆ ಹಿಡಿದು,
ತರುವುದಕ್ಕೆ.